ಬಚ್ಚಲ ನೀರಿಗೆ ದಾರಿ ಮಾಡುವ ದುಂಡವ್ವ

ಬೆಳಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಕುಮಾರಸ್ವಾಮಿ ಲೇಔಟ್‌ನ ಒಂದು ಮನೆಯ ಮೊದಲ ಮಹಡಿಯಲ್ಲಿ, ಬಚ್ಚಲುಮನೆಗೂ ಅಡುಗೆಮನೆಗೂ ನಡುವಿನ ಇಕ್ಕಟ್ಟಿನ ಜಾಗದಲ್ಲಿ ದುಂಡವ್ವ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕೂತಿದ್ದಾರೆ. ಸುತ್ತಿಗೆ, ಉಳಿ, ಗರಗಸ ತುಂಬಿದ ಚೀಲ ಕಾಲ ಬಳಿ ಇದೆ. ಅದರ ಜಿಪ್ಪನ್ನು ಇನ್ನೂ ತೆಗೆದಿಲ್ಲ. ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ ತೊಟ್ಟಿದ್ದಾರೆ. ಮನೆಯವರು ಒಬ್ಬೊಬ್ಬರಾಗಿ ಎದ್ದು ಓಡಾಡುತ್ತಿದ್ದಾರೆ. ಗೀಸರ್‌ನ ಕೆಂಪು ದೀಪ ಉರಿಯುತ್ತಿದೆ. ಯಾರೋ ಬೇಸಿನ್‌ನಲ್ಲಿ ಬಾಯಿ ಮುಕ್ಕಳಿಸುತ್ತಾರೆ. ದುಂಡವ್ವ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾ ಆಗಾಗ ಗೋಡೆ ಗಡಿಯಾರ ನೋಡುತ್ತಾರೆ.

“ಪ್ಲಂಬರ್ ಯಾವಾಗ್ಲೂ ಹನ್ನೊಂದಕ್ಕ ಬರ್ತಾನ್ರಿ,” ಎನ್ನುತ್ತಾರೆ, ದನಿ ತಗ್ಗಿಸಿ. “ಅಷ್ಟೊತ್ತಿಗೆ ಎಲ್ಲಾರ ಜಳಕ ಮುಗಿದು ಬಚ್ಚಲ ಒಣಗಿರ್ತೈತಿ. ಒಂದು ಬಕೀಟ ನೀರು ಸುರೂತಾನ, ನೀರು ಹೋಗ್ತೈತಿ. ‘ಏನೂ ಪ್ರಾಬ್ಲಂ ಇಲ್ಲ ಮೇಡಂ’ ಅಂತ ಹೇಳಿ ಹೋಗ್ತಾನ. ಜ್ವರ ಇದ್ದಾಗ ಡಾಕ್ಟರ್ ನೋಡ್ಬೇಕು. ಜ್ವರ ಬಿಟ್ಟಮ್ಯಾಲೆ ನೋಡಿದ್ರ ಏನ್ ತಿಳೀತೈತ್ರಿ?”

ನೀರು ಉಕ್ಕುವ ಬಚ್ಚಲನ್ನು ಅದು ಉಕ್ಕುವ ಹೊತ್ತಿನಲ್ಲೇ ನೋಡಬೇಕು ಎನ್ನುವುದು ದುಂಡವ್ವನವರ ಕ್ರಮ. ಅದಕ್ಕಾಗಿ ಬಿಟಿಎಂನಿಂದ ಮೊದಲ ಬಸ್ಸು ಹಿಡಿಯುತ್ತಾರೆ. ಮನೆಮಂದಿ ಟವೆಲ್ ಹೆಗಲಿಗೆ ಹಾಕಿಕೊಂಡು ಓಡಾಡುವ ಹೊತ್ತಿನಲ್ಲಿ, ಬಚ್ಚಲ ಬಾಗಿಲ ಪಕ್ಕ ಅಪರಿಚಿತ ಗಂಡಸೊಬ್ಬ ಕೂರುವುದಕ್ಕೆ ಯಾರೂ ಒಪ್ಪಲಾರರು. “ಹೆಣ್ಣಾಗಿದ್ದಕ್ಕ ಸಿಕ್ಕಿದ್ದು ಇದೊಂದ ಅನುಕೂಲ ನೋಡ್ರಿ,” ಎಂದು ಅವರು ನಗುತ್ತಾರೆ.

ಈ ಮನೆಯ ಹಿರಿಯರು ಬಸವಲಿಂಗಮ್ಮ. ಎಪ್ಪತ್ತಾರು ವರ್ಷ. ತಿಪಟೂರಿನ ಕಡೆಯವರು, ಇಲ್ಲಿಗೆ ಬಂದು ಮೂವತ್ತು ವರ್ಷವಾಯಿತು. ಮಗ ಚಿದಾನಂದ್ ಬನಶಂಕರಿಯಲ್ಲಿ ಸ್ಟೇಷನರಿ ಅಂಗಡಿ ನಡೆಸುತ್ತಾರೆ. ಸೊಸೆ ಶ್ವೇತಾ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾರೆ, ಏಳೂಕಾಲಕ್ಕೆ ಮನೆ ಬಿಡಬೇಕು. ಎರಡು ವರ್ಷದಿಂದ ಈ ಬಚ್ಚಲಲ್ಲಿ ನೀರು ಉಕ್ಕುತ್ತಿದೆ. ಅದೂ ಬಸವಲಿಂಗಮ್ಮ ಒಳಗಿದ್ದಾಗ ಮಾತ್ರ. ಜಾಲರಿಯಿಂದ ಹಿಂದಕ್ಕೆ ಬಂದ ಸೋಪಿನ ನೀರು ಹಿಮ್ಮಡಿ ಮುಚ್ಚುತ್ತದೆ. ಫೆಬ್ರವರಿಯಲ್ಲಿ ಅದರಲ್ಲೇ ಜಾರಿ ಬಿದ್ದು ಅವರ ಎಡಗೈ ಮಣಿಕಟ್ಟು ಮುರಿಯಿತು.

ಮೂವರು ಪ್ಲಂಬರ್‌ಗಳು ಬಂದು ಹೋದರು. ಮೂವರೂ ಹೇಳಿದ್ದು ಒಂದೇ: ಅಜ್ಜಿ ಹಚ್ಚುವ ಎಣ್ಣೆ, ಸೀಗೆಪುಡಿ, ಉದುರುವ ಕೂದಲು. ಮೂವರೂ ಆ್ಯಸಿಡ್ ಸುರಿದರು. ಮನೆಯಲ್ಲಿ ಸೀಗೆಪುಡಿ ನಿಂತು ಶಾಂಪೂ ಬಂತು. ಆದರೂ ನೀರು ಉಕ್ಕುವುದು ನಿಲ್ಲಲಿಲ್ಲ. ಬರುವ ಸೋಮವಾರದಿಂದ ಬಸವಲಿಂಗಮ್ಮನವರನ್ನು ಕುರ್ಚಿ ಮೇಲೆ ಕೂರಿಸಿ ಮೀಯಿಸಲು ಏಜೆನ್ಸಿಯಿಂದ ಒಬ್ಬಾಕೆ ಬರುವುದೆಂದು ನಿಶ್ಚಯವಾಗಿದೆ. ಬಾಗಿಲು ತೆರೆದೇ ಇರಬೇಕು ಎಂದೂ ಮಗ ಹೇಳಿದ್ದಾರೆ. ಇವತ್ತು ಮಂಗಳವಾರ.

“ನಾನೇನು ಅಮ್ಮಂಗೆ ಶತ್ರುನಾ?” ಚಿದಾನಂದ್ ಕೇಳುತ್ತಾರೆ. “ಈ ಸಲ ಕೈ ಹೋಯ್ತು. ಮುಂದಿನ ಸಲ ಸೊಂಟ ಮುರಿದ್ರೆ ಏನ್ಮಾಡ್ಲಿ?”

ಬಸವಲಿಂಗಮ್ಮ ಮಗನಿಗೆ ಹೇಳದ್ದನ್ನು ದುಂಡವ್ವನ ಬಳಿ ಹೇಳಿಕೊಂಡಿದ್ದಾರೆ: “ಬಾಣಂತನದಲ್ಲಿ ಬಿಟ್ರೆ ಇವತ್ತಿನ ತನಕ ಬೇರೆಯವರ ಕೈಲಿ ಮೈ ತಿಕ್ಕಿಸ್ಕೊಂಡೋಳಲ್ಲ ಕಣಮ್ಮ. ಈಗ ಯಾರೋ ಗೊತ್ತಿಲ್ದೋಳು ಬಂದು ‘ಕಾಲೆತ್ತಜ್ಜಿ, ಕೈಯೆತ್ತಜ್ಜಿ’ ಅನ್ನೋದು ಬೇಡ. ನಿನ್ನ ಕೈಲಾದ್ರೆ ಸೋಮವಾರದೊಳಗೆ ಸರಿ ಮಾಡು.”

ದುಂಡವ್ವನಿಗೆ ಈಗ ನಲವತ್ತಮೂರು. ಹುನಗುಂದದ ಹತ್ತಿರದ ಹಳ್ಳಿಯವರು. ಹನ್ನೆರಡು ವರ್ಷದ ಹಿಂದೆ ಗಂಡ ನಿಂಗರಾಜನ ಜೊತೆ ಬೆಂಗಳೂರಿಗೆ ಬಂದರು. ನಿಂಗರಾಜ ಟೈಲ್ಸ್ ಕೆಲಸದವರು. ಮೊದಲ ಏಳು ವರ್ಷ ದುಂಡವ್ವ ಅವರಿಗೆ ಸಿಮೆಂಟ್ ಕಲಸಿ ಕೊಡುತ್ತಿದ್ದರು, ಬಾಂಡ್ಲಿ ಹೊರುತ್ತಿದ್ದರು. ಹೊಸ ಟೈಲ್ಸ್ ಹಾಕಿಸಿಕೊಂಡ ಮನೆಯವರು ತಿಂಗಳೊಳಗೆ ಫೋನ್ ಮಾಡಿ, ನೀರು ನಿಲ್ಲುತ್ತದೆ ಎಂದು ಬೈಯುವುದನ್ನು ಮತ್ತೆ ಮತ್ತೆ ಕೇಳಿ ಯೋಚನೆಗೆ ಹತ್ತಿದರಂತೆ.

“ಟೈಲ್ಸ್‌ನೋರು ಚಂದ ನೋಡ್ತಾರ. ಪ್ಲಂಬರ್ ಪೈಪ್ ನೋಡ್ತಾನ. ಇವರು ಹೋದಮ್ಯಾಲೆ ಅವರು, ಅವರು ಹೋದಮ್ಯಾಲೆ ಇವರು. ಇಬ್ಬರ ನಡುವ ನೀರು ನಿಂತಿರ್ತೈತ್ರಿ.” ಗಂಡನಿಗೆ ಹೇಳಿದಾಗ, “ಬಾಂಡ್ಲಿ ಹೊರೂದ ಬಿಟ್ಟು ಎಂಜಿನಿಯರ್ ಆದೇನು?” ಎಂದು ಅವರು ನಕ್ಕಿದ್ದರು. ಈಗ ಅದೇ ನಿಂಗರಾಜ ಬಚ್ಚಲಿಗೆ ಇಳಿಜಾರು ಕೊಡುವಾಗ ಹೆಂಡತಿಗೆ ಫೋನ್ ಹಚ್ಚುತ್ತಾರೆ.

ಲೆಕ್ಕ ಸರಳವಾಗಿದೆ. ಐದಡಿಗೆ ಒಂದಿಂಚು ಇಳಿಜಾರು. ಜಾಲರಿ ಸುತ್ತಲಿನ ನೆಲಕ್ಕಿಂತ ಕೊಂಚ ಕೆಳಗಿರಬೇಕು. ಜಾಲರಿಯ ಕೆಳಗೆ ನೆಲದಲ್ಲಿ ಹೂತ ಬಟ್ಟಲಿನಂಥ ಟ್ರ್ಯಾಪಿನಲ್ಲಿ ಎರಡಿಂಚು ನೀರು ಯಾವಾಗಲೂ ನಿಂತಿರಬೇಕು, ಇಲ್ಲದಿದ್ದರೆ ನಾತ ಮೇಲೆ ಬರುತ್ತದೆ. ಬೇಸಿನ್ ಕೆಳಗಿನ ಸುಕ್ಕುಸುಕ್ಕಾದ ಪೈಪನ್ನು ಹಾವಿನಂತೆ ಸುತ್ತಬಾರದು, ನೇರ ಇಳಿಸಬೇಕು. ಕೆಲಸ ಮುಗಿದ ಮೇಲೆ ಬಚ್ಚಲ ದೂರದ ಮೂಲೆಯಲ್ಲಿ ಒಂದು ಚೊಂಬು ನೀರು ಸುರಿದು ದುಂಡವ್ವ ಇಪ್ಪತ್ತರವರೆಗೆ ಎಣಿಸುತ್ತಾರೆ. ಅಷ್ಟರಲ್ಲಿ ನೀರು ಹೋಗಿರಬೇಕು. ಹೋಗದಿದ್ದರೆ ಟೈಲ್ಸ್ ಕೀಳುವುದೇ.

ವಾರಕ್ಕೆ ಆರೇಳು ಮನೆ. ಜಯನಗರ, ಜೆ.ಪಿ. ನಗರ, ಪುಟ್ಟೇನಹಳ್ಳಿ, ಯಡಿಯೂರು. ಆ್ಯಸಿಡ್ ಸುರಿದಿದ್ದನ್ನು ಹೇಳದೆ ಕರೆಯುವವರಿಂದಾಗಿ ಬಲಗೈಯ ಎರಡು ಬೆರಳ ತುದಿಯಲ್ಲಿ ಚರ್ಮ ಬಣ್ಣಗೆಟ್ಟಿದೆ. ಮಂಡಿಗೆ ಹಳೆಯ ಬಟ್ಟೆ ಸುತ್ತಿಕೊಂಡೇ ಕೆಲಸಕ್ಕೆ ಕೂರುತ್ತಾರೆ. ಹೊಸ ಮನೆಗಳಲ್ಲಿ ಬಾಗಿಲು ತೆರೆದವರು ಇವರ ಹಿಂದೆ ಮೆಟ್ಟಿಲ ಕಡೆ ನೋಡುತ್ತಾ, “ಪ್ಲಂಬರ್ ಎಲ್ಲಿ?” ಎಂದು ಕೇಳುತ್ತಾರೆ. “ನಾನ ಬಂದೀನ್ರಿ ಅಂದ್ರ, ‘ಬಾತ್‌ರೂಂ ತೊಳಿಯೋಕೆ ನಾವು ಯಾರನ್ನೂ ಕರೆದಿಲ್ಲಮ್ಮ’ ಅಂತ ಬಾಗಲಾ ಹಾಕ್ಕೊಂಡೋರೂ ಅದಾರ. ಆಮ್ಯಾಲೆ ಅವರ ಫೋನ್ ಮಾಡ್ತಾರ.”

ಟ್ರ್ಯಾಪು ಬಿಚ್ಚಿದರೆ ಮನೆಯೇ ಬಿಚ್ಚಿಕೊಳ್ಳುತ್ತದೆ. ಪೂಜೆ ಮುಗಿಸಿ ಕೈ ತೊಳೆಯುವ ಬೇಸಿನ್‌ನಲ್ಲಿ ವರ್ಷಗಟ್ಟಲೆ ಇಳಿದ ವಿಭೂತಿ ತಳದಲ್ಲಿ ಸುಣ್ಣದಂತೆ ಕಟ್ಟಿರುತ್ತದೆ. ಮೂಗುಬೊಟ್ಟು ಕಳೆದುಹೋಯಿತೆಂದು ಕೆಲಸದವಳನ್ನು ಬಿಡಿಸಿದ್ದ ಮನೆಯಲ್ಲಿ ಅದೇ ಮೂಗುಬೊಟ್ಟು ಸಿಕ್ಕಿದ್ದುಂಟು. ಯಡಿಯೂರಿನ ಮನೆಯೊಂದರಲ್ಲಿ ಹಿಡಿ ಹಿಡಿ ಕೂದಲು ಬಂತು. ಆ ಮನೆಯ ಕಾಲೇಜು ಹುಡುಗಿ ಹಿಂದಿನಿಂದ ಬಂದು, “ಅಕ್ಕಾ, ಅಮ್ಮಂಗೆ ತೋರಿಸ್ಬೇಡಿ” ಎಂದಳಂತೆ. ಯಾಕೆಂದು ದುಂಡವ್ವ ಕೇಳಲಿಲ್ಲ. ಪೇಪರಿನಲ್ಲಿ ಸುತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡು ಬಂದರು.

ಈಗ ಆರು ಗಂಟೆ ಐದು ನಿಮಿಷ. ಶ್ವೇತಾ ದುಂಡವ್ವನ ಪಕ್ಕದಲ್ಲೇ ಇರುವ ವಾಷಿಂಗ್ ಮಷಿನ್‌ಗೆ ಬಟ್ಟೆ ತುಂಬಿ ಆನ್ ಮಾಡಿ ಅಡುಗೆಮನೆಗೆ ಓಡುತ್ತಾರೆ. ಬಸವಲಿಂಗಮ್ಮ ಟವೆಲ್ ಹಿಡಿದು ಬಚ್ಚಲಿಗೆ ಹೋಗುತ್ತಾರೆ. ಒಳಗೆ ಚೊಂಬಿನ ಸದ್ದು. ನೀರು ಸಲೀಸಾಗಿ ಇಳಿಯುವ ಸದ್ದೂ ಕೇಳುತ್ತದೆ. ಆರು ಇಪ್ಪತ್ತೈದಕ್ಕೆ ಮಷಿನ್ ಒಮ್ಮೆ ನಿಂತು, ಗರ್‍ರ್ ಎಂದು ನೀರು ಹೊರಹಾಕತೊಡಗುತ್ತದೆ. ಅರೆ ನಿಮಿಷವೂ ಆಗಿಲ್ಲ, ಒಳಗಿನಿಂದ ಬಸವಲಿಂಗಮ್ಮನ ದನಿ: “ಬಂತು ನೋಡು!”

ದುಂಡವ್ವ ಬಚ್ಚಲ ಕಡೆ ತಿರುಗುವುದಿಲ್ಲ. ಮಷಿನ್ ಕಡೆ ನೋಡುತ್ತಾರೆ.

ಅಜ್ಜಿ ಹೊರಬಂದ ಮೇಲೆ ದುಂಡವ್ವ ಕೇಳುವುದು ಬಟ್ಟೆಗೆ ಹಾಕುವ ನೀಲಿಯನ್ನು. ಮಷಿನ್‌ನಿಂದ ಬಟ್ಟೆ ತೆಗೆಸಿ, ಬರೀ ನೀರು ತುಂಬಿಸಿ, ನಾಲ್ಕು ಮುಚ್ಚಳ ನೀಲಿ ಸುರಿದು, ಆ ನೀರು ಬಿಡಲು ಶ್ವೇತಾಗೆ ಹೇಳುತ್ತಾರೆ. ಬಚ್ಚಲು ಖಾಲಿಯಿದೆ. ಎಲ್ಲರೂ ಬಾಗಿಲಲ್ಲಿ ನಿಂತಿದ್ದಾರೆ. ಜಾಲರಿಯ ತೂತುಗಳಲ್ಲಿ ಮೊದಲು ಗುಳ್ಳೆ ಏಳುತ್ತದೆ. ಆಮೇಲೆ ಕಡುನೀಲಿ ನೀರು ಉಕ್ಕಿ ಬಿಳಿ ಟೈಲ್ಸ್ ಮೇಲೆ ಹರಡುತ್ತದೆ.

ಬಸವಲಿಂಗಮ್ಮ ಒಂದು ಹೆಜ್ಜೆ ಮುಂದಿಟ್ಟು ಬಗ್ಗಿ ನೋಡುತ್ತಾರೆ.

“ಹಂಗಾದ್ರೆ ಇದು ನಾನು ಹುಯ್ಕೊಂಡ ನೀರಲ್ಲ,” ಎನ್ನುತ್ತಾರೆ ಬಸವಲಿಂಗಮ್ಮ.

ಎರಡು ವರ್ಷದ ಹಿಂದೆ ಮಷಿನ್ ಕೂರಿಸಲು ಬಂದವರು ಅದರ ನೀರು ಹೋಗಲು ಬೇರೆ ದಾರಿ ಕಾಣದೆ, ಗೋಡೆ ಕೊರೆದು ಬಚ್ಚಲ ಟ್ರ್ಯಾಪಿಗೇ ಜೋಡಿಸಿದ್ದರು. ಎರಡಿಂಚಿನ ಹಳೆಯ ಪೈಪು ಒಂದು ಸ್ನಾನದ ನೀರನ್ನು ತಾಳಿಕೊಳ್ಳುತ್ತದೆ. ಮಷಿನ್ ಒಮ್ಮೆಲೇ ತಳ್ಳುವಷ್ಟು ನೀರನ್ನು ತಾಳದು. ತಗ್ಗಿನಲ್ಲಿರುವ ಜಾಲರಿಯಿಂದ ಅದು ಮೇಲೆ ಬರುತ್ತದೆ. ಆನ್ ಮಾಡಿದ ಇಪ್ಪತ್ತು ನಿಮಿಷಕ್ಕೆ ಮಷಿನ್ ನೀರು ಬಿಡುತ್ತದೆ. ಬಸವಲಿಂಗಮ್ಮ ಒಳಗಿರುವುದು ಆ ಹೊತ್ತಿನಲ್ಲೇ. ಅದು ಮತ್ತೆ ನೀರು ಬಿಡುವಾಗ ಬಚ್ಚಲಲ್ಲಿ ಯಾರೂ ಇರುವುದಿಲ್ಲ, ಉಕ್ಕಿದ್ದು ತಾನಾಗಿಯೇ ಇಳಿದುಹೋಗುತ್ತದೆ. ಚಪಾತಿ ಲಟ್ಟಿಸುತ್ತಿರುವ ಸೊಸೆಗೆ ಅದು ಗೊತ್ತಾಗುವಂತಿಲ್ಲ.

ಶ್ವೇತಾ ನೀಲಿಯ ಬಾಟಲಿಯನ್ನು ಕೆಳಗಿಡುತ್ತಾರೆ. “ದಿನಾ ಆನ್ ಮಾಡ್ತಿದ್ದದ್ದು ನಾನೇ. ಸೀಗೆಪುಡಿ ಬೇಡ ಅಂದವಳೂ ನಾನೇ.”

“ಶಾಂಪೂ ಹಾಕಿದ್ಮೇಲೂ ಉಕ್ತಿತ್ತಲ್ಲಮ್ಮ. ಅವಾಗ್ಲಾದ್ರೂ ಹೊಳೀಲಿಲ್ವಾ ನಿನಗೆ? ಲೆಕ್ಕದ ಮೇಷ್ಟ್ರು ಬೇರೆ!” ಎನ್ನುತ್ತಾರೆ ಅತ್ತೆ. ದನಿಯಲ್ಲಿ ಸಿಟ್ಟಿದೆಯೋ ತಮಾಷೆಯೋ ತಕ್ಷಣಕ್ಕೆ ತಿಳಿಯುವುದಿಲ್ಲ. ಬಹುಶಃ ಎರಡೂ ಇರಬಹುದು.

ದುಂಡವ್ವ ನಡುವೆ ಬರುತ್ತಾರೆ. “ಅಕ್ಕಾರ ತಪ್ಪಲ್ರಿ ಅಮ್ಮಾರ, ನಿಮ್ಮದೂ ಅಲ್ಲ. ಎರಡು ನೀರು ಒಂದ ಪೈಪಿಗೆ ಹಾಕಿದವರದು ತಪ್ಪು. ಅವರಂತೂ ಇಲ್ಲಿಲ್ಲ. ಈಗ ನೆಲಾ ಒಡೀಬೇಕು, ಬಕೀಟ ಎಲ್ಲಾ ಹೊರಗಿಡ್ರಿ.” ಇಬ್ಬರಿಗೂ ಕೈಗೆ ಕೆಲಸ ಸಿಗುತ್ತದೆ.

ಇಂಥ ಹೊತ್ತಿನಲ್ಲಿ ಬೇಗ ಉಳಿ ಹಿಡಿಯಬೇಕು ಎಂಬುದು ದುಂಡವ್ವನ ಅನುಭವ. “ಬಚ್ಚಲ ನೀರಿನ ಮ್ಯಾಲೆ ಹೆಂಗಸರು ಎಷ್ಟು ಮಾತು ಕೇಳ್ಯಾರಂತ ಲೆಕ್ಕ ಇಲ್ರಿ. ನಿನ್ನ ಕೂದಲ, ನಿನ್ನ ಎಣ್ಣಿ, ನಿನ್ನ ಪಾತ್ರಿ ಮುಸುರಿ. ಗಂಡಸರ ಹೆಸರು ನಾ ಒಂದು ಮನ್ಯಾಗೂ ಕೇಳಿಲ್ಲ. ಅವರೇನು ಜಳಕಾ ಮಾಡೂದಿಲ್ಲನು?”

ಕೆಲಸ ಮೂರು ದಿನ ಹಿಡಿಯುತ್ತದೆ. ಮಷಿನ್‌ನ ನೀರು ಹೊರಗೋಡೆಯ ಗುಂಟ ಬೇರೆ ಪೈಪಿನಲ್ಲಿ ನೇರ ಕೆಳಗಿನ ಚರಂಡಿಯ ಚೇಂಬರಿಗೆ ಇಳಿಯುತ್ತದೆ. ಬಚ್ಚಲಿಗೆ ಅಗಲದ ಟ್ರ್ಯಾಪು, ಮೂರಿಂಚಿನ ಪೈಪು. ಜಾಲರಿ ಇದ್ದ ಕಡೆ ನಾಲ್ಕಡಿ ನೆಲ ಒಡೆದು ಇಳಿಜಾರು ತಿದ್ದುತ್ತಾರೆ. ಗುರುವಾರ ಸಂಜೆ ಚೊಂಬು ಸುರಿದು ಎಣಿಸಿದಾಗ ಹದಿನಾರಕ್ಕೇ ನೀರು ಹೋಗುತ್ತದೆ. ಸಿಮೆಂಟ್ ಹಿಡಿದುಕೊಳ್ಳಲೆಂದು ಇನ್ನೂ ಎರಡು ದಿನ ಮನೆಯವರೆಲ್ಲ ಕೆಳಮನೆಯಲ್ಲೇ ಸ್ನಾನ ಮಾಡುತ್ತಾರೆ.

ಭಾನುವಾರ ಬೆಳಗ್ಗೆ ದುಂಡವ್ವ ಮತ್ತೆ ಬಂದಿದ್ದಾರೆ. ಚಿದಾನಂದ್‌ಗೆ ಇನ್ನೂ ನಂಬಿಕೆಯಿಲ್ಲ. ನಾಳೆ ಬರಬೇಕಾದ ಆಕೆಗೆ ಬೇಡವೆಂದು ಅವರು ಹೇಳಿಲ್ಲ. “ಇವತ್ತೊಂದಿನ ಬಾಗಿಲು ಹಾಕ್ಕೋಬೇಡಮ್ಮ,” ಎನ್ನುತ್ತಾರೆ.

“ಹಾಕ್ಕೊಳ್ಲಿ ಬಿಡ್ರಿ ಸಾಹೇಬ್ರ,” ಎನ್ನುತ್ತಾರೆ ದುಂಡವ್ವ. “ಅಕ್ಕಾರ, ನೀವು ಮಷಿನ್ ತುಂಬ ಬಟ್ಟಿ ಹಾಕಿ ಹಚ್ರಿ. ಎರಡೂ ಕೂಡೇ ಆಗ್ಲಿ. ಉಕ್ಕಿದ್ರ ಇವತ್ತ ಉಕ್ಲಿ, ನಾ ಇಲ್ಲೇ ಅದೀನಿ.”

ತಲೆಗೆ ಎಣ್ಣೆ ಹಚ್ಚಿಕೊಂಡ ಬಸವಲಿಂಗಮ್ಮ ಸೀಗೆಪುಡಿಯ ಬಟ್ಟಲು ಹಿಡಿದು ಒಳಗೆ ಹೋಗುತ್ತಾರೆ. ಚಿಲಕ ಬೀಳುತ್ತದೆ. ಹೊರಗೆ ಮೂವರೂ ನಿಂತಿದ್ದಾರೆ. ಇಪ್ಪತ್ತು ನಿಮಿಷ ಕಳೆದು ಮಷಿನ್ ಗರ್‍ರ್ ಎನ್ನುತ್ತದೆ. ಹೊರಗೋಡೆಯ ಪೈಪಿನಲ್ಲಿ ನೀರು ಧಡಧಡ ಇಳಿಯುವುದು ಕೇಳುತ್ತದೆ. ಬಚ್ಚಲಲ್ಲಿ ಚೊಂಬಿನ ಸದ್ದು ನಿಂತಿದೆ.

“ಅಮ್ಮಾ?” ಚಿದಾನಂದ್ ಬಾಗಿಲಿಗೆ ಕೈಯಿಡುತ್ತಾರೆ. “ಅಮ್ಮಾ, ನೀರು ಬಂತಾ?”

“ಬಾಯಿಗೆಲ್ಲ ಸೀಗೆ ನೊರೆ ಬಂದೈತೆ. ಸುಮ್ನಿರೋ, ಆಮೇಲೆ ಮಾತಾಡೀವಂತೆ!”

ಶ್ವೇತಾ ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಾರೆ. ಮತ್ತೆ ನೀರಿನ ಸದ್ದು ಶುರುವಾಗಿ, ಬಹಳ ಹೊತ್ತು, ಯಾವ ಅವಸರವೂ ಇಲ್ಲದೆ ಕೇಳುತ್ತಿರುತ್ತದೆ. ಚಿದಾನಂದ್ ಬಾಲ್ಕನಿಗೆ ಹೋಗಿ ಏಜೆನ್ಸಿಗೆ ಫೋನ್ ಮಾಡುತ್ತಾರೆ. ನಾಳೆ ಬರುವುದು ಬೇಡ, ಬೇಕಾದರೆ ನಾವೇ ಹೇಳುತ್ತೇವೆ ಎನ್ನುತ್ತಾರೆ.

ಕಾಫಿ ಕುಡಿದು ದುಂಡವ್ವ ಬಸ್ ಸ್ಟಾಪಿನ ಕಡೆ ನಡೆಯುತ್ತಾರೆ. ಇವತ್ತು ಇನ್ನೊಂದು ಮನೆಯಿದೆ, ಪುಟ್ಟೇನಹಳ್ಳಿಯಲ್ಲಿ. ಮುಂದೆ ನಿಮಗೇನು ಆಸೆ ಎಂದು ಕೇಳಿದರೆ ಅವರು ಬಸ್ಸು ಬರುವ ದಿಕ್ಕಿಗೇ ನೋಡುತ್ತಾ ಹೇಳುತ್ತಾರೆ:

“ನಮ್ಮ ವಠಾರದಾಗ ಎಂಟು ಮನಿಗೆ ಒಂದ ಬಚ್ಚಲ್ರಿ. ನಾ ನಾಲ್ಕೂವರಿಗೆ ಎದ್ದು ಹೋದ್ರೂ ಯಾರಾರ ಒಬ್ಬರು ಬಾಗಲಾ ಬಡೀತಾರ. ಯಾರೂ ಬಾಗಲಾ ಬಡಿಲಾರದ ಒಂದು ಜಳಕ ಆಗ್ಬೇಕು, ಅಷ್ಟ. ಆದ್ರ ಆ ಬಚ್ಚಲದಾಗ ಒಂದು ಹನಿ ನೀರು ನಿಲ್ಲೂದಿಲ್ಲ ನೋಡ್ರಿ. ಅದರ ನೆಲಾ ನಾನ ಹಾಕೀನಿ.”