ಡಾಲರಮ್ಮನ ಹುಳುಕಿನ ಪಟ್ಟಿ

ಡಾಲರಮ್ಮ ಎಂದು ಹೆಸರಿಟ್ಟವನು ನಾನೇ. ಅವರು ಪ್ರೋಗ್ರಾಮ್ ಬರೆಯುವ ಪರ್ಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಹೆಜ್ಜೆಗೊಂದು ಡಾಲರ್ ಚಿಹ್ನೆ ಬರುತ್ತದೆ, ಅದಕ್ಕೆ. ನಮ್ಮ ಗ್ರಂಥಾಲಯದ ಮೆಟ್ಟಿಲ ಕೆಳಗಿನ ಕಂಪ್ಯೂಟರ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವರದೇ ದರ್ಬಾರು. ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ, ಯಾರು ಒಯ್ದಿದ್ದಾರೆ ಎಂದು ಹೇಳುವ ಪ್ರೋಗ್ರಾಮನ್ನು ಒಬ್ಬರೇ ಕಟ್ಟಿದವರು. ಅದರ ಸುದ್ದಿಗೆ ಹೋದರೆ ಕೆಂಡಾಮಂಡಲ.

ಹೊಸಬರಾದ ನಮ್ಮ ನಾಲ್ವರಿಗೆ ಆ ಬರಹ ಕಬ್ಬಿಣದ ಕಡಲೆ. ಎಲ್ಲವನ್ನೂ ಈಗಿನವರು ಬಳಸುವ ಪೈಥಾನ್ ಭಾಷೆಯಲ್ಲಿ ಮತ್ತೆ ಬರೆಯೋಣವೆಂದು ಮೇಲಧಿಕಾರಿಯ ಕಿವಿಗೆ ಹಾಕಿದೆವು. ಸೋಮವಾರ ಸಭೆಯಲ್ಲಿ ತೀರ್ಮಾನ ಎಂದರು.

ಡಾಲರಮ್ಮ ಸುಮ್ಮನೆ ಬಿಡುವವರೇ? ಪೈಥಾನ್‌ನ ಹುಳುಕನ್ನೆಲ್ಲ ಪಟ್ಟಿ ಮಾಡಿ ಸಭೆಯಲ್ಲಿ ಮಾನ ಹರಾಜು ಹಾಕಬೇಕೆಂದು ಅದನ್ನೇ ಕಲಿಯಲು ಕೂತರು.

"ಏನಯ್ಯಾ ಇದು, ಸಾಲಿನ ಮುಂದೆ ಜಾಗ ಬಿಡೋದು ತಪ್ಪಿದ್ರೆ ಪ್ರೋಗ್ರಾಮೇ ಓಡಲ್ವಂತೆ! ಒಂದನೇ ಕ್ಲಾಸಿನ ಕಾಪಿ ಪುಸ್ತಕಾನಾ?" ಎಂದು ಮೊದಲ ದಿನ ನನ್ನನ್ನೇ ಗದರಿದರು. ಮೂರನೆಯ ದಿನ ಗದರಲಿಲ್ಲ. ಐದನೆಯ ದಿನ ನಾನು ಹಿಂದಿನಿಂದ ಹೋದಾಗ ಥಟ್ಟನೆ ಲ್ಯಾಪ್‌ಟಾಪ್ ಮುಚ್ಚಿದರು.

"ಏನಕ್ಕಾ?"

"ಕಪಾಟು ಹುಡುಕೋ ಭಾಗಾನ ಇದ್ರಲ್ಲಿ ಬರೆದು ನೋಡ್ದೆ ಕಣೋ. ಅರ್ಧಕ್ಕರ್ಧ ಸಾಲು ಸಾಕಾಯ್ತು." ಮುಖದಲ್ಲಿ ಖುಷಿಯೂ ಇತ್ತು, ಸಿಕ್ಕಿಬಿದ್ದ ನಾಚಿಕೆಯೂ ಇತ್ತು. "ಹಾಗಾದ್ರೆ ಇಷ್ಟು ವರ್ಷ ನಾನೇನು ಮಾಡ್ದೆ? ಅಲ್ಲ, ಅದೂ ಚೆನ್ನಾಗೇ ಇದೆ, ಅಲ್ವಾ? ಯಾರಿಗೂ ಹೇಳ್ಬೇಡ. ನಂಗೇ ಏನೂ ತೋಚ್ತಿಲ್ಲ."

ನಾನು ಹೇಳಲಿಲ್ಲ. ಈಗ ನನ್ನ ಮೇಲೇ ಸಿಟ್ಟು ಬರುತ್ತದೆ.

ಸಭೆ ಶುರುವಾದದ್ದೇ ತಡ, ನಮ್ಮಲ್ಲಿ ಎಲ್ಲರಿಗಿಂತ ಕಿರಿಯಳು ಎದ್ದು ನಿಂತಳು. ಡಾಲರಮ್ಮ ವಾರವೆಲ್ಲ ಲ್ಯಾಪ್‌ಟಾಪ್ ಮುಂದೆ ಒದ್ದಾಡಿದ್ದನ್ನು ಕಂಡು ಮನಸ್ಸು ಬದಲಿಸಿದ್ದಳು. "ಹಳೇದೇ ಇರ್ಲಿ ಸಾರ್. ಈ ವಯಸ್ಸಲ್ಲಿ ಅಕ್ಕಂಗೆ ಯಾಕೆ ಹೊಸದು ಕಲಿಯೋ ಕಷ್ಟ? ಅವರು ರಿಟೈರ್ ಆಗೋವರ್ಗೂ ಕಾಯೋಣ." ಉಳಿದಿಬ್ಬರೂ ಹೂಂಗುಟ್ಟಿದರು. ಅಷ್ಟೂ ಪ್ರೀತಿಯೇ, ಅದರಲ್ಲಿ ಸುಳ್ಳಿರಲಿಲ್ಲ.

ಡಾಲರಮ್ಮ ಗೆಲ್ಲಬೇಕೆಂದು ಬಂದದ್ದು ಇದನ್ನೇ. ಆದರೆ ಮುಖ ಸಪ್ಪಗಾಯಿತು. ಪಟ್ಟಿಯನ್ನು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು.

"ಹಳೇದೇ ಬೇಕು ಅನ್ನೋರು ಕೈ ಎತ್ತಿ," ಎಂದರು ಮೇಲಧಿಕಾರಿ. ಮೂರು ಕೈ ಮೇಲೇರಿದವು. ನನ್ನದು ಅರ್ಧ. ಡಾಲರಮ್ಮನ ಕೈ ಮೇಜಿನ ಮೇಲೇ ಇತ್ತು.

"ಮೇಡಂ, ನಿಮಗೋಸ್ಕರಾನೇ ಎತ್ತಿರೋದು."

"ಗೊತ್ತು ಸಾರ್." ನಮ್ಮತ್ತ ತಿರುಗಿದರು. "ನಂಗೆ ಯಾವುದು ಬೇಕೋ ನಂಗೇ ಗೊತ್ತಿಲ್ಲ. ಆದ್ರೆ ನನ್ನ ಕೈಲಿ ಕಲಿಯೋಕಾಗಲ್ಲ ಅಂತ ಮಾತ್ರ ಕೈ ಎತ್ಬೇಡ್ರಪ್ಪಾ."

ಎತ್ತಿದ ಕೈಗಳನ್ನು ಏನು ಮಾಡಬೇಕೋ ನಮಗೆ ತಿಳಿಯಲಿಲ್ಲ.