ಕಾಫಿ ವ್ಯಾನಿನಲ್ಲಿ ಕಡಲ ದಂಡೆಗೆ

ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಬ್ರೇಕು ಹಿಡಿಯದೇ ಹೋಗಬಹುದಿತ್ತು. ನಮ್ಮದು ಹಿಡಿದು, ಹಿಂದೆ ಬರುವ ಲಾರಿಯದು ಹಿಡಿಯದೇ ಇರಬಹುದಿತ್ತು. ವ್ಯಾನಿನೊಳಗಿನ ಗ್ಯಾಸ್ ಒಲೆ ಸೋರಬಹುದಿತ್ತು. ಮಲಗಿದ್ದಾಗ ಉಬ್ಬರದ ನೀರು ಏರಿ, ಹಾಸಿಗೆ ಸಮೇತ ನಮ್ಮನ್ನು ಅರಬ್ಬಿ ಸಮುದ್ರಕ್ಕೆ ಒಯ್ಯಬಹುದಿತ್ತು. ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿಕೊಳ್ಳಬಹುದಿತ್ತು. ಮೀನೇ ತಿನ್ನದ ನಿಮಗೆ ಅದು ಹೇಗೆ ಸಿಕ್ಕಿಕೊಳ್ಳುತ್ತದೆ ಎಂದು ಹೆಂಡತಿ ಕೇಳಿದ ಮೇಲೂ ಹೆದರಿಕೆ ಇದ್ದ ಜಾಗದಲ್ಲೇ ಇತ್ತು. ಇತ್ತ ಜಾವಳಿಯ ನಮ್ಮ ತೋಟಕ್ಕೆ ಆನೆ ನುಗ್ಗಬಹುದಿತ್ತು. ಆನೆ ಬಾರದಿದ್ದರೆ ಅಕಾಲದ ಮಳೆಯಾದರೂ ಬಂದು, ಕಣದಲ್ಲಿ ಹರವಿದ್ದ ಕೊನೇ ಕೊಯ್ಲಿನ ಕಾಫಿಯನ್ನು ನೆನೆಸಬಹುದಿತ್ತು.

ಇಷ್ಟನ್ನೂ ಹೊರಡುವ ಹಿಂದಿನ ದಿನ ಊಟಕ್ಕೆ ಕೂತು ಹೇಳಿದೆ. ಹೆಂಡತಿ ಸಾರು ಬಡಿಸುತ್ತಾ, "ಮುಗೀತಾ? ಇನ್ನೂ ಇದ್ಯಾ?" ಎಂದಳು.

ಅವಳು ಹಾಗೆ ಕೇಳುವುದಕ್ಕೆ ಕಾರಣವಿತ್ತು. ಮದುವೆಯಾದ ಹೊಸತರಲ್ಲಿ ಟೀವಿಯಲ್ಲಿ ಡಾಲ್ಫಿನ್ ನೀರಿನಿಂದ ಚಿಮ್ಮುವುದನ್ನು ನೋಡಿ, ಅದನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂದು ಆಸೆಪಟ್ಟಿದ್ದಳು. ಆಮೇಲೆ ಮೂರು ಸಲ ಕಡಲಿಗೆಂದು ಹೊರಟೆವು. ಮೂರು ಸಲವೂ ಘಾಟಿ ಶುರುವಾಗುವ ಕೊಟ್ಟಿಗೆಹಾರ ದಾಟುತ್ತಿದ್ದಂತೆ ನಾನು ವಾಪಸ್ ಬಂದುಬಿಟ್ಟೆ. ಒಮ್ಮೆ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು, ಒಮ್ಮೆ ಮೋಡ ಕಂಡಿತೆಂದು. ಮೂರನೆಯ ಸಲದ ಕಾರಣ ನನಗೂ ನೆನಪಿಲ್ಲ, ಅವಳಿಗೆ ಚೆನ್ನಾಗಿ ನೆನಪಿದೆ.

"ಈ ಸಲ ತಿರುಗಿಸಿದ್ರೆ ನಾನು ಅಲ್ಲೇ ಇಳ್ದು ಬಸ್ ಹತ್ತಿ ಹೋಗ್ತೀನಿ. ಡಾಲ್ಫಿನ್ ನೋಡ್ಕೊಂಡೇ ಬರೋದು. ನೀವು ಬಂದ್ರೂ ಸರಿ, ಬರ್ದಿದ್ರೂ ಸರಿ."

ವ್ಯಾನು ಬಣಕಲ್‌ನಲ್ಲಿರುವ ಅವಳ ತಮ್ಮನದು. ಕೊಯ್ಲಿನ ಕಾಲಕ್ಕೆ ಎಸ್ಟೇಟುಗಳಿಂದ ಕಾಫಿ ಮೂಟೆ ಹೊರುವ ಗಾಡಿ. ಆ ಫೆಬ್ರವರಿಯಲ್ಲಿ ಕೆಲಸ ಕಡಿಮೆಯಾದದ್ದೇ ತಡ, ಅವನು ಅದಕ್ಕೆ ಎರಡು ಹಲಗೆ ಮಂಚ, ಒಂದು ಒಲೆ, ಹೂವಿನ ಪರದೆ ಎಲ್ಲ ಕೂರಿಸಿಕೊಂಡು ಮನೆ ಮುಂದೆ ತಂದು ನಿಲ್ಲಿಸಿದ.

"ಫಾರಿನ್ನಲ್ಲಿ ಎಲ್ರೂ ಹಿಂಗೇ ತಿರ್ಗೋದು ಭಾವ. ಮನೇನೇ ಗಾಲಿ ಮೇಲೆ."

"ಅಲ್ಲಿ ಮನೇಲೂ ಗೋಣಿಚೀಲದ ವಾಸ್ನೆ ಇರುತ್ತಾ ಮಾರಾಯ?"

"ಮೂಗು ಮನೇಲೇ ಬಿಟ್ ಬನ್ನಿ," ಎಂದು ಅವನು ಸ್ಟೇರಿಂಗ್ ಹಿಡಿದ.

ಕೊಟ್ಟಿಗೆಹಾರದಲ್ಲಿ ನಾನು, "ಒಂದ್ನಿಮಿಷ, ಪಂಪ್‌ಸೆಟ್ಟಿನ ಸ್ವಿಚ್ಚು..." ಎಂದು ಶುರುಮಾಡಿದೆ. ಹೆಂಡತಿ ಬಾಗಿಲ ಹಿಡಿಗೆ ಕೈ ಹಾಕಿದಳು. ಭಾಮೈದ ಟೇಪ್‌ರೆಕಾರ್ಡರು ಜೋರು ಮಾಡಿದ. ವ್ಯಾನು ಘಾಟಿ ಇಳಿಯಿತು. ಒಂದು ತಿರುವಿನ ತಡೆಗೋಡೆಯ ಮೇಲೆ ಕೂತಿದ್ದ ಸಿಂಗಳೀಕವೊಂದು ಮುಖದ ಸುತ್ತಲಿನ ಬೂದುಗೂದಲಿನೊಳಗಿಂದ ನನ್ನನ್ನೇ ನೋಡಿತು. ನನಗಿಂತ ಹೆಚ್ಚು ಚಿಂತೆಯಲ್ಲಿರುವ ಜೀವವನ್ನು ಕಂಡದ್ದು ಅದೇ ಮೊದಲು. ಸ್ವಲ್ಪ ಸಮಾಧಾನವಾಯಿತು.

ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ. ಹೊಳೆಯಲ್ಲಿ ನೀರುನಾಯಿಗಳು ಒಂದರ ಮೇಲೊಂದು ಬಿದ್ದು ಆಡುತ್ತಿದ್ದವು. ಇನ್ನೂ ಮುಂದೆ ಹೋಗಿ, ಗಾಳಿಮರಗಳ ನೆರಳಿನಲ್ಲಿ ವ್ಯಾನು ನಿಲ್ಲಿಸಿ ಅನ್ನ ಬೇಯಿಸಿಕೊಂಡು ಉಂಡು, ತೋಟದಿಂದ ತಂದ ಗೊನೆಯ ಬಾಳೆಹಣ್ಣು ತಿಂದೆವು. ತೋಟದಲ್ಲಿ ಯಾವತ್ತೂ ಹಗಲು ಮಲಗದ ನಾನು ಮಂಚದ ಮೇಲೆ ಹಾಗೇ ನಿದ್ದೆ ಹೋದೆ.

ಎಚ್ಚರವಾದದ್ದು ಭೋರೆನ್ನುವ ಸದ್ದಿಗೆ. ಕಣ್ಣು ಪೂರ್ತಿ ಬಿಡುವ ಮೊದಲೇ ಕಂಬಳಿ ಎತ್ತಿಕೊಂಡು ಬರಿಗಾಲಲ್ಲಿ ಹೊರಗೆ ಓಡಿದ್ದೆ. "ಮಳೆ ಬಂತು! ರಾಶಿ ಮಾಡಿ! ಟಾರ್ಪಾಲ್ ಎಳೀರಿ!"

ಸುಡುವ ಮರಳು ಕಾಲಿಗೆ ತಾಗಿದ ಮೇಲೆ ಅದು ಮಳೆಯಲ್ಲ, ಅಲೆ ಎಂದು ತಿಳಿಯಿತು. ಅಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ಮರಳಿನ ಮೇಲೆ ಮೀನು ಒಣಹಾಕಿ ಕೂತಿದ್ದ ಇಬ್ಬರು ಹೆಂಗಸರು ನನ್ನ ಕೂಗು ಕೇಳಿ ದಡಬಡಿಸಿ ಎದ್ದು, ಅರ್ಧ ಮೀನನ್ನು ಗುಡ್ಡೆ ಮಾಡಿಬಿಟ್ಟಿದ್ದರು. ಹಿರಿಯಾಕೆ ಆಕಾಶ ನೋಡಿ, ನನ್ನ ಕಂಬಳಿ ನೋಡಿ, "ಎಂತ ಮಾರಾಯ್ರೆ, ಮಳಿ ಎಲ್ಲಿತ್ತ್?" ಎಂದು ಸೊಂಟದ ಮೇಲೆ ಕೈಯಿಟ್ಟಳು.

ಹೆಂಡತಿ ಕೆಳಗಿಳಿದು, ಕಣದ ಕಾಫಿಯ ಕಥೆ ಹೇಳಿ, ಅವರ ಜತೆ ಕೂತು ಮೀನನ್ನೆಲ್ಲ ಮತ್ತೆ ಹರವಿದಳು. ಒಣಹಾಕುವವರಿಗೆ ಒಣಹಾಕುವವರ ಕಷ್ಟ ಬೇಗ ತಿಳಿಯುತ್ತದೆ. ಕೆಲಸ ಮುಗಿಯುವ ಹೊತ್ತಿಗೆ ಅವರಿಂದ ಒಂದು ಸುದ್ದಿಯೂ ಸಿಕ್ಕಿತ್ತು: ಬೆಳಗಿನ ಹೊತ್ತು ಡಾಲ್ಫಿನ್‌ಗಳು ದಡದ ಹತ್ತಿರಕ್ಕೇ ಬರುತ್ತವೆ, ಹಿರಿಯಾಕೆಯ ಗಂಡ ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾನೆ.

ಮರುದಿನ ಹೋದೆವು. ಬೆಳ್ಳನೆಯ ಎದೆಯ ಕಡಲ ಹದ್ದು ಕಂಡಿತು, ಡಾಲ್ಫಿನ್ ಕಾಣಲಿಲ್ಲ. ದಡಕ್ಕೆ ಬಂದ ಮೇಲೂ ಹೆಂಡತಿ ಕಡಲಿನ ಕಡೆಗೇ ಮುಖ ಮಾಡಿ ಕೂತಳು. ಅದೇ ನನಗೆ ಭಯವಾದದ್ದು. ವ್ಯಾನಿಗೆ ಬಣಕಲ್‌ನಲ್ಲಿ ಬಾಡಿಗೆ ಕಾದಿತ್ತು. ಉಳಿದದ್ದು ಇನ್ನೊಂದೇ ಬೆಳಗು.

ಆ ಬೆಳಗೂ ದೋಣಿ ಹತ್ತಿದೆವು. ನೀರು ಎಣ್ಣೆ ಸವರಿದ ಹಾಗೆ ಸುಮ್ಮನಿತ್ತು. ಹೆಂಡತಿ ದೋಣಿಯ ತುದಿಯಲ್ಲಿ ಕಣ್ಣು ಮಿಟುಕಿಸದೆ ಕೂತಿದ್ದಳು. ನಾನೂ ಅವಳ ಪರವಾಗಿ ನೋಡುತ್ತಲೇ ಇದ್ದೆ. ನಡುವೆ ಒಂದೇ ಒಂದು ಸಲ, ವ್ಯಾನಿನ ಹಿಂಬಾಗಿಲು ಹಾಕಿದ್ದೇವಾ ಎಂದು ದಡದ ಕಡೆಗೆ ತಿರುಗಿದೆ.

ಹಾಕಿರಲಿಲ್ಲ. ಒಂದು ಬಿಳಿ ಹಸು ಬಾಗಿಲೊಳಗೆ ಕುತ್ತಿಗೆ ತೂರಿಸಿ ನಿಂತಿತ್ತು.

"ಹಸು! ಹಸು!" ಎಂದು ಕೂಗಿದೆ. ಅದೇ ಗಳಿಗೆಗೆ ನನ್ನ ಬೆನ್ನ ಹಿಂದೆ ಭಾಮೈದ "ಅಕ್ಕಾ, ಅಗೋ!" ಎಂದ, ಏನೋ ಧಪ್ಪೆಂದು ನೀರಿಗೆ ಬಿತ್ತು. ಹೆಂಡತಿ ನನ್ನ ತೋಳಿಗೆ ಉಗುರು ಊರಿ ಹಿಡಿದು, ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಇನ್ನೊಂದು ಸಲ ಧಪ್ಪೆಂದಿತು. ನಾನು ತಿರುಗುವ ಹೊತ್ತಿಗೆ ನೀರಿನ ಮೇಲೆ ಉಂಗುರಗಳಷ್ಟೇ ಅಗಲವಾಗುತ್ತಿದ್ದವು.

"ಮರೀನೂ ಇತ್ತು ಕಣ್ರೀ! ತಾಯಿ ಪಕ್ಕದಲ್ಲೇ ಹಾರ್ತು! ನೋಡಿದ್ರಾ?" ಅವಳ ಕಣ್ಣು ಒದ್ದೆಯಾಗಿತ್ತು.

"ಬಾಳೆಹಣ್ಣು ತಿಂತಾ ಇದೆ," ಎಂದೆ ನಾನು.

ಊರಿಗೆ ಬಂದು ನೋಡಿದರೆ ಕಣದ ಕಾಫಿ ಗರಿಗರಿ ಒಣಗಿತ್ತು. ಡಾಲ್ಫಿನ್ ಹೇಗಿತ್ತು ಎಂದು ಯಾರು ಕೇಳಿದರೂ ಹೆಂಡತಿ ಕೈ ತಿರುಗಿಸಿ, ಅದು ಹಾರಿದ್ದನ್ನು ತೋರಿಸುತ್ತಾಳೆ. ಕೊನೆಯಲ್ಲಿ ನನ್ನ ಕಡೆ ನೋಡಿ, "ಇವ್ರನ್ನ ಕೇಳಿ, ಹಸು ಹೆಂಗಿತ್ತು ಅಂತ ಹೇಳ್ತಾರೆ," ಎನ್ನುತ್ತಾಳೆ.