ಗಿರಿಜಕ್ಕ ಕೊಟ್ಟ ವೀಳ್ಯ

ಗಿರಿಜಕ್ಕನ ಬೆರಳುಗಳು ಸುಮ್ಮನಿದ್ದದ್ದನ್ನು ನಾನು ಕಂಡದ್ದು ಒಂದೇ ಸಲ. ಭಾಷಣದ ವೇದಿಕೆಯ ಮೇಲೆ ಬೀಡಿ ಎಲೆಯಿಲ್ಲ, ಹೊಗೆಸೊಪ್ಪಿಲ್ಲ. ಆದರೂ ಮಡಿಲಲ್ಲಿ ಅವರ ಕೈಗಳು ಬೀಡಿ ಕಟ್ಟುತ್ತಲೇ ಇರುತ್ತಿದ್ದವು.

ನರಿಕೊಂಬಿನ ಈ ಹೆಂಗಸು ನಾಲ್ಕು ಪಕ್ಷಗಳ ಚುನಾವಣಾ ರಂಗಕ್ಕೆ ಸಂಚಾಲಕಿಯಾದದ್ದಕ್ಕೆ ಕಾರಣ, ಆ ನಾಲ್ವರು ನಾಯಕರಲ್ಲಿ ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗೆ ಆಗದಿದ್ದದ್ದು. ಕೆಂಪು ಬಾವುಟದವರು, ಹಳೆಯ ಸಮಾಜವಾದಿಗಳು, ರೈತರದೊಂದು, ದಲಿತರದೊಂದು, ಎಲ್ಲ ಪುಡಿ ಪಕ್ಷಗಳೇ. ಬೀಡಿ ಕಾರ್ಮಿಕರ ಪರ ಜಗಳವಾಡಿ ಹೆಸರು ಮಾಡಿದ್ದ ಗಿರಿಜಕ್ಕ ಯಾವುದಕ್ಕೂ ಸೇರಿದವರಲ್ಲ. ಹಾಗಾಗಿ ಬಂಟ್ವಾಳಕ್ಕೆ ಅವರೇ ಅಭ್ಯರ್ಥಿ. ಬೆಳ್ತಂಗಡಿಗೆ, ಮೂಡುಬಿದಿರೆಗೆ ಬೇರೆ ಇಬ್ಬರು.

ಬಿ.ಸಿ.ರೋಡಿನಲ್ಲಿ ಪ್ರಿಂಟಿಂಗ್ ಅಂಗಡಿ ಇಟ್ಟಿದ್ದ ನಾನು ಕರಪತ್ರ ಅಚ್ಚು ಹಾಕಿ, ಭಾಷಣವನ್ನೂ ಬರೆದುಕೊಡುತ್ತಿದ್ದೆ. ಅವರು ಎರಡು ಸಾಲು ಓದಿ ಕಾಗದ ಮಡಚಿ, "ಇದು ಸುಧಾಕರ ಬರೆದದ್ದು, ಚಂದ ಉಂಟು. ಇನ್ನು ನಾನು ಹೇಳ್ತೇನೆ" ಎಂದು ತುಳುವಿಗೆ ಇಳಿದುಬಿಡುತ್ತಿದ್ದರು. ಜನ ಚಪ್ಪಾಳೆ ಹೊಡೆಯುತ್ತಿದ್ದದ್ದು ಆಮೇಲೆಯೇ. ನನಗೆ ಒಳಗೊಳಗೇ ಹೊಟ್ಟೆಕಿಚ್ಚು.

ರಂಗ ಹುಟ್ಟಿದ್ದು ವಾಮದಪದವಿನ ಒಂದು ಜಗಲಿಯಲ್ಲಿ. ಒಪ್ಪಂದಕ್ಕೆ ಸಹಿ ಹಾಕುವ ಎಂದು ಯಾರೋ ಹೇಳಿದರು. "ಸಹಿ ಪೇಪರಿನವರಿಗೆ ಇರಲಿ, ನಮಗೆ ವೀಳ್ಯ ಸಾಕು" ಎಂದರು ಗಿರಿಜಕ್ಕ. ನಮ್ಮ ಕಡೆ ಮಾತು ಮುಗಿದು ವೀಳ್ಯ ಕೈಗೆ ಬಂತೆಂದರೆ ಹಿಂದೆ ಸರಿಯುವಂತಿಲ್ಲ. ಎಷ್ಟೋ ಮದುವೆಗಳು ನಿಂತಿರುವುದೇ ಅದರ ಮೇಲೆ. ನಾಲ್ವರೂ ಗಿರಿಜಕ್ಕ ಹಿಡಿದ ಒಂದೇ ಹರಿವಾಣದಿಂದ ತೆಗೆದುಕೊಂಡು ಜಗಿದರು. ಗಿರಿಜಕ್ಕ ನಂಬಿಬಿಟ್ಟರು. ಸಂಬಂಧ ಕುದುರಿಸುವ ಕ್ರಮವನ್ನು ರಾಜಕೀಯಕ್ಕೆ ತಂದದ್ದು ದೊಡ್ಡ ತಪ್ಪೆಂದು ಈಗ ಅನಿಸುತ್ತದೆ.

ಸ್ವಲ್ಪ ದಿನದಲ್ಲೇ ಊರಿನವರು ವಿಪರೀತ ವಿನಯವಂತರಾದರು. ಮೈಕಿನವನು, "ಅಕ್ಕ, ಆ ದಿನ ಬೇರೆ ಕಡೆ ಪ್ರೋಗ್ರಾಂ ಉಂಟಲ್ಲ" ಎಂದು ಕೈಮುಗಿದ. ಮೂಡುಬಿದಿರೆಯ ಸಭಾಂಗಣದವರು ಬುಕಿಂಗ್ ರದ್ದು ಮಾಡಿ ಕ್ಷಮೆ ಕೇಳಿದರು. ಯಾರೂ ಬೈಯಲಿಲ್ಲ, ಯಾರ ಒತ್ತಡವೆಂದೂ ಬಾಯಿಬಿಡಲಿಲ್ಲ. ಬೈದಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಬೆಳ್ತಂಗಡಿಯ ಸಭೆಯ ನಡುವೆ ನನ್ನ ಫೋನಿಗೆ ಸುದ್ದಿ ಬಂತು. ನಾಲ್ವರು ನಾಯಕರೂ ಪತ್ರಿಕಾಗೋಷ್ಠಿ ಕರೆದು ರಂಗವನ್ನು ವಿಸರ್ಜಿಸಿದ್ದರು. ಉಳಿದಿಬ್ಬರು ಅಭ್ಯರ್ಥಿಗಳು ನಾಮಪತ್ರ ವಾಪಸ್ ಪಡೆದಿದ್ದರು. ವೇದಿಕೆ ಹತ್ತಿ ಫೋನು ತೋರಿಸಿದೆ. ಗಿರಿಜಕ್ಕ ಓದಿದರು. ಅವರ ಬೆರಳುಗಳು ನಿಂತದ್ದು ಆಗ.

ಮರುದಿನ ನನ್ನ ಅಂಗಡಿಯಲ್ಲಿ ನಾವಿಬ್ಬರೂ ಕುಳಿತಿದ್ದಾಗ ಇಸ್ತ್ರಿ ಹಾಕಿದ ಅಂಗಿಯವನೊಬ್ಬ ಬಂದ. ಮುಂಚೆ ಕಂಡವನಲ್ಲ.

"ನಮಸ್ಕಾರ ಅಕ್ಕ. ನಾಮಪತ್ರ ತೆಗೀಲಿಕ್ಕೆ ನಾಳೆ ಕಡೇ ದಿನ ಅಲ್ವಾ? ನಿಮ್ಮ ಮಗಳು ಮೂಡುಬಿದಿರೆ ಕಾಲೇಜಲ್ಲಿ ಓದುವುದಲ್ವಾ? ಸಂಜೆ ಬಸ್ಸಲ್ಲಿ ಕಿಟಕಿ ಪಕ್ಕವೇ ಕೂತ್ಕೊಳ್ತಾಳೆ. ಒಳ್ಳೆ ಹುಡುಗಿ."

ಅಷ್ಟು ಹೇಳಿ, ನಗುತ್ತಾ ಹೋದ.

"ಸಾಕು ಗಿರಿಜಕ್ಕ, ವಾಪಸ್ ತೆಗೆಯುವ" ಎಂದೆ.

"ಅವರು ಉಗುಳಿದರು ಅಂತ ನಾನೂ ಉಗುಳ್ಬೇಕಾ? ವೀಳ್ಯ ಕೊಟ್ಟವಳು ನಾನು ಮಾರಾಯ."

"ಮಗಳು?"

ಅವರು ಎದ್ದು ಮನೆಗೆ ಹೋದರು.

ಕಡೆಯ ದಿನ ಅವರು ಚುನಾವಣಾ ಕಚೇರಿಯ ಕಡೆ ಸುಳಿಯಲೇ ಇಲ್ಲ. ಗಡುವು ಮುಗಿದ ಮೇಲೆ ನನಗೆ ಫೋನು ಮಾಡಿ ಮೂಡುಬಿದಿರೆ ಬಸ್ ಸ್ಟ್ಯಾಂಡಿಗೆ ಬರಹೇಳಿದರು. ಹೋದಾಗ ಎರಡು ಬ್ಯಾಗು ಹಿಡಿದು ನಿಂತಿದ್ದರು. ಕಾಲೇಜು ಬಿಟ್ಟು ಬಂದ ಮಗಳು ಏನೊಂದೂ ಅರ್ಥವಾಗದೆ ಅಮ್ಮನ ಮುಖ ನೋಡುತ್ತಿದ್ದಳು.

"ಮನೆಯ ಬೀಗದ ಕೈ ಇಟ್ಕೋ. ಹೆಸರು ವೋಟಿನ ಮಷೀನಿನಲ್ಲಿ ಇರ್ತದೆ, ಅಷ್ಟು ಸಾಕು ನನಗೆ."

"ಎಲ್ಲಿಗೆ ಹೋಗ್ತೀರಿ?"

"ಆ ಕಡೆ ತಿರುಗಿ ನಿಲ್ಲು. ಬಸ್ಸಿನ ಬೋರ್ಡು ನೋಡ್ಬೇಡ. ಯಾರಾದ್ರೂ ಕೇಳಿದರೆ ಸುಳ್ಳು ಹೇಳ್ಲಿಕ್ಕೆ ನಿನಗೆ ಬರುವುದಿಲ್ಲ."

ನಾನು ಅಂಗಡಿಗಳ ಕಡೆ ಮುಖ ಮಾಡಿ ನಿಂತೆ. ಬೆನ್ನ ಹಿಂದೆ ಬಸ್ಸುಗಳು ಹೊರಡುತ್ತಲೇ ಇದ್ದವು. ತಿರುಗಿದಾಗ ಅವರಿರಲಿಲ್ಲ.

ಮತದಾನ ಮುಗಿದರೂ ಬಿಡದೆ, ಅದೇ ವಾರ ಇಸ್ತ್ರಿ ಅಂಗಿಯವನು ಮತ್ತೆ ಅಂಗಡಿಗೆ ಬಂದ. ಕುರ್ಚಿ ಎಳೆದು ಕೂತು, ಅಕ್ಕ ಎಲ್ಲಿದ್ದಾರೆ ಎಂದು ಮೆತ್ತಗೆ ಕೇಳಿದ. ಗೊತ್ತಿಲ್ಲ ಎಂದೆ. ನನ್ನ ಮುಖವನ್ನು ಬಹಳ ಹೊತ್ತು ನೋಡಿ, ನಂಬಿ, ಎದ್ದುಹೋದ. ಬದುಕಿದ್ದಾರಾ ಎಂದು ಕೇಳಿದ್ದರೂ ನನ್ನಲ್ಲಿದ್ದದ್ದು ಅದೇ ಉತ್ತರ.